ಐರಿಶ್ ಕಾಫಿ: ಕೆನೆಯ ತೇಲುವಿಕೆಯನ್ನು ಕುರಿತು ಒಂದು ತಾತ್ತ್ವಿಕ ವಿವೇಚನೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಒಂದು ಗಾಜಿನ ಲೋಟ. ಅದರೊಳಗೆ ಮುಕ್ಕಾಲು ಭಾಗ ಬಿಸಿ ಕಾಫಿ, ವಿಸ್ಕಿ, ಸಕ್ಕರೆ. ಮೇಲೆ ಒಂದು ಬೆರಳು ದಪ್ಪ ತಣ್ಣನೆಯ ಕೆನೆ. ಇಷ್ಟರಲ್ಲಿ ಸಂಶೋಧನೆಗೆ ಏನಿದೆ ಎಂದು ಕೇಳುವವರುಂಟು. ಇದಕ್ಕಿಂತ ಕಡಿಮೆ ದ್ರವ್ಯವಿದ್ದ ವಿಷಯಗಳಿಗೂ ಡಾಕ್ಟರೇಟ್ ಸಂದಿರುವುದನ್ನು ಅವರು ಗಮನಿಸಿಲ್ಲವೆಂದು ಕಾಣುತ್ತದೆ.

ಸಂಪ್ರದಾಯದಂತೆ ಮೊದಲು ದೇಶ, ಕಾಲ, ಕರ್ತೃ. ಐರ್ಲೆಂಡಿನ ಲಿಮರಿಕ್ ಕೌಂಟಿಯಲ್ಲಿ, ಶ್ಯಾನನ್ ನದಿಯ ಅಳಿವೆಯ ದಂಡೆಗೆ ಫಾಯ್ನ್ಸ್ ಎಂಬ ಊರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳು ಅಲ್ಲಿ ನೀರಿನ ಮೇಲೇ ಇಳಿದು ನೀರಿನಿಂದಲೇ ಏಳುತ್ತಿದ್ದವು. 1943ರ ಚಳಿಗಾಲದ ಒಂದು ರಾತ್ರಿ, ಹೊರಟ ವಿಮಾನವೊಂದು ಹವಾಮಾನ ಕೆಟ್ಟು ಹಿಂದಿರುಗಿತೆಂದೂ, ನಡುಗುತ್ತಿದ್ದ ಪ್ರಯಾಣಿಕರಿಗೆ ಅಲ್ಲಿನ ಮುಖ್ಯ ಅಡುಗೆಯವರಾದ ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ ಕೆನೆ ಹೊದಿಸಿ ಕೊಟ್ಟರೆಂದೂ ಪ್ರತೀತಿ. ಇದು ಬ್ರೆಜಿಲ್ ಕಾಫಿಯೇ ಎಂದು ಒಬ್ಬರು ವಿಚಾರಿಸಿದರಂತೆ. ಅಲ್ಲ, ಐರಿಶ್ ಕಾಫಿ ಎಂದು ಉತ್ತರ ಬಂತಂತೆ.

ಇಲ್ಲೊಂದು ಪೂರ್ವಪಕ್ಷವನ್ನು ಎತ್ತಿಕೊಳ್ಳಲೇಬೇಕು. ಐರ್ಲೆಂಡಿನಲ್ಲಿ ಕಾಫಿ ಬೆಳೆಯುವುದಿಲ್ಲ. ಚಿಕ್ಕಮಗಳೂರಿನಲ್ಲಿ ಬೆಳೆಯುತ್ತದೆ, ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದ ಐತಿಹ್ಯ ಶಾಲೆಯ ಮಕ್ಕಳಿಗೂ ಗೊತ್ತು. ಹಾಲು, ಕೆನೆ ನಮ್ಮಲ್ಲಿ ಅನಾದಿ. ಸಕ್ಕರೆಗೆ ಮಂಡ್ಯ ಇದೆ. ಉಳಿದದ್ದು ವಿಸ್ಕಿ, 2004ರಲ್ಲಿ ಬೆಂಗಳೂರಿನ ಅಮೃತ್ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋ ನಗರಕ್ಕೇ ಒಯ್ದು ಬಿಡುಗಡೆ ಮಾಡಿತು. ಆದಕಾರಣ ಐರಿಶ್ ಕಾಫಿಯ ಮೂಲ ಕರ್ನಾಟಕವೇ. ಇಂಥ ತರ್ಕದಿಂದ ನಮ್ಮಲ್ಲಿ ಅನೇಕ ಗ್ರಂಥಗಳು ಹೊರಬಂದಿವೆ, ಕೆಲವಕ್ಕೆ ಪ್ರಶಸ್ತಿಯೂ ಸಂದಿದೆ. ಆದರೂ ಪ್ರಸ್ತುತ ಲೇಖಕ ಅತ್ಯಂತ ಸಂಕಟದಿಂದ ಈ ವಾದವನ್ನು ಕೈಬಿಡುತ್ತಿದ್ದಾನೆ.

ಕೃತಿಯ ಎರಡನೆಯ ಪರಿಷ್ಕರಣ ಅಮೆರಿಕದ್ದು. ಪ್ರವಾಸ ಲೇಖಕ ಸ್ಟಾಂಟನ್ ಡೆಲಪ್ಲೇನ್ ಐರ್ಲೆಂಡಿನ ಶ್ಯಾನನ್ ವಿಮಾನ ನಿಲ್ದಾಣದಲ್ಲಿ ಇದರ ರುಚಿ ಕಂಡು ಬಂದವರು. 1952ರ ನವೆಂಬರ್ 10ರ ರಾತ್ರಿ ಅವರೂ ಸ್ಯಾನ್ ಫ್ರಾನ್ಸಿಸ್ಕೋದ ಬ್ಯುಯೆನ ವಿಸ್ತಾ ಕೆಫೆಯ ಯಜಮಾನ ಜಾಕ್ ಕೆಪ್ಲರ್ ಅವರೂ ಮರುಸೃಷ್ಟಿಗೆ ಕೂತರು. ಕೆನೆ ಮುಳುಗಿತು. ಮತ್ತೆ ಮಾಡಿದರು, ಮತ್ತೆ ಮುಳುಗಿತು. ಮುಳುಗಿದ ಪ್ರತಿಗಳನ್ನು ಸಂಶೋಧಕರು ತಾವೇ ಸೇವಿಸಿ ವಿಲೇವಾರಿ ಮಾಡಿರಬೇಕೆಂದು ಊಹಿಸಲು ಅವಕಾಶವಿದೆ. ಕೊನೆಗೆ ಹಾಲಿನ ಡೇರಿಯ ಒಡೆಯರೂ ಊರಿನ ಮೇಯರೂ ಆಗಿದ್ದ ಜಾರ್ಜ್ ಕ್ರಿಸ್ಟೋಫರ್, ಕೆನೆಯನ್ನು 48 ಗಂಟೆ ಹಳತಾಗಿಸಿ ನೊರೆ ಬರಿಸಿದರೆ ತೇಲುತ್ತದೆಂದು ಸೂತ್ರ ಕೊಟ್ಟರೆಂದು ಕಥೆ. ಆದರೆ ಕ್ರಿಸ್ಟೋಫರ್ ಮೇಯರ್ ಆದದ್ದು 1956ರಲ್ಲಿ. ಆದುದರಿಂದ ಡೇರಿ ಮೂಲಪಾಠ, ಮೇಯರ್ ಗಿರಿ ಪ್ರಕ್ಷಿಪ್ತ. ಒಬ್ಬ ಮನುಷ್ಯ ದೊಡ್ಡವನಾದ ಮೇಲೆ ಅವನ ಹಳೆಯ ಸಲಹೆಗಳಿಗೂ ಬಡ್ತಿ ಸಿಗುವುದು ಎಲ್ಲ ದೇಶಗಳ ಹಸ್ತಪ್ರತಿಗಳಲ್ಲೂ ಕಾಣುವ ಲಕ್ಷಣ.

ಈಗ ಸಿದ್ಧಾಂತ. ಕೆನೆ ಏಕೆ ತೇಲಬೇಕು? ತೇಲದಿದ್ದರೆ ಅದು ಬರೀ ಹಾಲು ಹಾಕಿದ ಕಾಫಿ, ಅದನ್ನು ಮಾಡಲು ಫಾಯ್ನ್ಸ್‌ವರೆಗೆ ಹೋಗಬೇಕಿಲ್ಲ. ಬಿಸಿ ಕಹಿಯನ್ನು ತಣ್ಣನೆಯ ಕೆನೆಯ ಮೂಲಕ ಹೀರುವುದೇ ಇಲ್ಲಿನ ರಸ. ಕೆನೆಗೆ ಶತ್ರುಗಳು ಇಬ್ಬರು: ಶಾಖ ಮತ್ತು ಮದ್ಯಸಾರ. ಎರಡೂ ಕಾಫಿಯನ್ನು ಹಗುರಗೊಳಿಸಿ ಕೆನೆಯ ಕಾಲ ಕೆಳಗಿನ ನೆಲವನ್ನು ತೆಗೆಯುತ್ತವೆ. ಮಿತ್ರರೂ ಇಬ್ಬರೇ: ಕಾಫಿಯಲ್ಲಿ ಕರಗಿ ಅದಕ್ಕೆ ತೂಕ ಕೊಡುವ ಸಕ್ಕರೆ, ಕೆನೆಯೊಳಗೆ ಸೇರಿ ಅದನ್ನು ಹಗುರ ಮಾಡುವ ಗಾಳಿ. ಸಕ್ಕರೆಯನ್ನು ರುಚಿಗೆ ತಕ್ಕಷ್ಟು ಎಂದು ಬರೆಯುವ ಪಾಕಶಾಸ್ತ್ರಕಾರರು ಈ ಕೃತಿಯ ಮರ್ಮವನ್ನೇ ಹಿಡಿದಿಲ್ಲ. ಸಕ್ಕರೆಗೆ ಇಲ್ಲಿ ರುಚಿ ಉಪವೃತ್ತಿ, ಭಾರ ಹೊರುವುದು ಮುಖ್ಯ ಹುದ್ದೆ.

ಕೆನೆಯ ಆಕರಗಳನ್ನು ವಿಮರ್ಶಿಸೋಣ. ಕಾಯಿಸಿದ ಹಾಲಿನ ಮೇಲಿನ ಮನೆಯ ಕೆನೆ ತೇಲುತ್ತದೆ ನಿಜ. ಆದರೆ ಒಂದೇ ತುಂಡಾಗಿ ತೇಲಿ, ಮೊದಲ ಗುಟುಕಿನಲ್ಲೇ ಇಡಿಯಾಗಿ ಬಾಯಿಗೆ ಬಂದು, ಮೀಸೆಯುಳ್ಳ ವಿದ್ವಾಂಸರನ್ನು ಮುಜುಗರಕ್ಕೆ ಈಡುಮಾಡುತ್ತದೆ. ಅಲ್ಲದೆ ಅದು ತುಪ್ಪಕ್ಕೆಂದು ಫ್ರಿಜ್ಜಿನಲ್ಲಿ ಕೂಡಿಟ್ಟ ಸ್ತ್ರೀಧನ, ಮುಟ್ಟುವಂತಿಲ್ಲ. ಅಂಗಡಿಯ ಸಣ್ಣ ಡಬ್ಬಿಯ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಕೊಬ್ಬು ಶೇ. 25, ಎಷ್ಟು ಕಡೆದರೂ ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ತಾಕತ್ತು ಅದಕ್ಕಿಲ್ಲ. ಶೇ. 35ರ ಆಸುಪಾಸಿನ ವಿಪ್ಪಿಂಗ್ ಕ್ರೀಮ್ ಬೇಕು. ಅದನ್ನು ಚೆನ್ನಾಗಿ ತಣ್ಣಗಾಗಿಸಿ, ಮುಚ್ಚಳವಿರುವ ಬಾಟಲಿಗೆ ಅರ್ಧ ತುಂಬಿ ಕುಲುಕಬೇಕು. ಒಳಗಿನ ಗುಳುಗುಳು ಸದ್ದು ಮಂದವಾದೊಡನೆ ನಿಲ್ಲಿಸುವುದು. ಕೆನೆ ಗಟ್ಟಿಯಾಗಿರಬೇಕು, ಆದರೂ ಸುರಿಯುವಂತಿರಬೇಕು. ಉತ್ಸಾಹ ಹೆಚ್ಚಾದರೆ ಬೆಣ್ಣೆ ಬರುತ್ತದೆ. ಉಪ್ಪಿನಕಾಯಿಯ ಬಾಟಲಿ ಎಷ್ಟೇ ತೊಳೆದಿದ್ದರೂ ವರ್ಜ್ಯ.

ಉಳಿದ ಕ್ರಿಯಾಕಾಂಡ ಸುಲಭ. ಲೋಟಕ್ಕೆ ಬಿಸಿನೀರು ಹಾಕಿ ಕಾಯಿಸಿ ಚೆಲ್ಲಿ. ಇಲ್ಲವಾದರೆ ಗಾಜು ಸೀಳೀತು. ಒಂದು ಚಮಚ ಸಕ್ಕರೆ, 120 ಮಿಲಿಲೀಟರ್ ಕಾಫಿ. ಮೊದಲ ಡಿಕಾಕ್ಷನ್ನಿಗೆ ಅಷ್ಟೇ ಬಿಸಿನೀರು ಬೆರೆಸಿದರೆ ನಮ್ಮ ಫಿಲ್ಟರ್ ಈ ಕೆಲಸಕ್ಕೆ ಧಾರಾಳ ಸಾಕು. ಸಕ್ಕರೆ ಪೂರ್ತಿ ಕರಗಿದ ಮೇಲೆ ವಿಸ್ಕಿ. ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ಪಾಠದಲ್ಲಿ 50 ಮಿಲಿಲೀಟರ್ ಎಂದಿದೆ. 30, 60, 90 ಎಂದು ಎಣಿಸಿ ಬೆಳೆದ ನಾಡಿಗೆ ಇದು ಛಂದೋಭಂಗ; 60ಕ್ಕೆ ಏರಿಸಿಕೊಳ್ಳುವುದೇ ದೇಸಿ ಲಯ ಎಂದು ಒಂದು ಬಣ, 30ಕ್ಕೆ ಇಳಿಸುವುದೇ ಎಂದು ಆ ಬಣದವರ ಮನೆಯವರು. ಹೊಗೆ ವಾಸನೆಯ ವಿಸ್ಕಿ ಬೇಡ, ಕಾಫಿಯೊಡನೆ ಅದಕ್ಕೆ ಕೂಡಿಬರುವುದಿಲ್ಲ. ಕಾಕಂಬಿಯ ಸ್ಪಿರಿಟ್ಟಿನಿಂದ ಮಾಡಿದ ಅಗ್ಗದ ಮಾಲಿನ ಬಗ್ಗೆ ಲೇಖಕ ಮೌನ ವಹಿಸುತ್ತಾನೆ. ಕಡೆಗೆ ಚಮಚವನ್ನು ಬೋರಲು ಹಿಡಿದು, ಕಾಫಿಯ ಮೇಲ್ಮೈಗೆ ತಾಗಿಸಿ, ಅದರ ಬೆನ್ನ ಮೇಲೆ ಕೆನೆಯನ್ನು ಮೆಲ್ಲಗೆ ಇಳಿಬಿಡುವುದು.

ಗಾಜೇ ಏಕೆ ಎಂಬುದು ಪ್ರಮಾಣಶಾಸ್ತ್ರದ ಪ್ರಶ್ನೆ. ಗಾಜಿನ ಲೋಟದಲ್ಲಿ ಕಪ್ಪು ಬಿಳುಪಿನ ಗಡಿ ಕಣ್ಣಿಗೆ ಕಾಣುವುದರಿಂದ ಪ್ರತ್ಯಕ್ಷ ಪ್ರಮಾಣ. ಸ್ಟೀಲ್ ಲೋಟದಲ್ಲಾದರೆ ಮೇಲಿನ ಬಿಳುಪನ್ನು ನೋಡಿ ಕೆಳಗಿನದನ್ನು ಅನುಮಾನ ಪ್ರಮಾಣದಿಂದ ತಿಳಿಯಬೇಕು. ಇದು ಶಾಸ್ತ್ರಕ್ಕೆ ಕೊರತೆಯಾದರೂ ಸಂಸಾರಕ್ಕೆ ಅನುಕೂಲ. ಊರಿನಿಂದ ಬಂದ ದೊಡ್ಡಮ್ಮ, "ಏನೋ ಅದು ಹೊತ್ತಲ್ಲದ ಹೊತ್ತಿನಲ್ಲಿ?" ಎಂದರೆ, "ಕಾಫಿ ದೊಡ್ಡಮ್ಮ" ಎಂಬ ಉತ್ತರದಲ್ಲಿ ಸುಳ್ಳಿನ ಲೇಶವೂ ಇಲ್ಲ. "ಹಾಗಾದ್ರೆ ನಂಗೂ ಒಂದ್ ಲೋಟ ಕೊಡು" ಎಂದುಬಿಟ್ಟರೆ ಏನು ಗತಿ ಎಂಬುದಕ್ಕೆ ನ್ಯಾಯದರ್ಶನದಲ್ಲಿ ಪರಿಹಾರವಿಲ್ಲ.

ಕಲಕಬಹುದೇ? ಇಲ್ಲಿ ಭೇದವಾದಿಗಳೂ ಅಭೇದವಾದಿಗಳೂ ಕತ್ತಿ ಮಸೆಯುತ್ತಾರೆ. ಕೆನೆ ಬೇರೆ, ಕಾಫಿ ಬೇರೆ, ಚಮಚ ಹಾಕಿದವನಿಗೆ ಸದ್ಗತಿಯಿಲ್ಲ ಎಂದು ಮೊದಲಿನವರು. ಎಲ್ಲವೂ ಒಂದೇ ಎನ್ನುವವರು 1974ರಲ್ಲಿ ಮಾರುಕಟ್ಟೆಗೆ ಬಂದ ಬೈಲೀಸ್ ಬಾಟಲಿಯನ್ನು ಎತ್ತಿ ತೋರಿಸುತ್ತಾರೆ. ಅದರಲ್ಲಿ ಕೆನೆಯ ಕೊಬ್ಬಿನ ಕಣಗಳನ್ನು ಅತಿ ಸೂಕ್ಷ್ಮವಾಗಿ ಒಡೆದು ವಿಸ್ಕಿಯಲ್ಲಿ ಹರಡಿರುವುದರಿಂದ ಯಾವುದು ಯಾವುದೆಂದು ಹೇಳಲಾಗದು. ಮನೆಯಲ್ಲಿ ಈ ಅಭೇದವನ್ನು ಸಾಧಿಸಲು ಮಿಕ್ಸಿ ಸಾಕು: ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, 200 ಮಿಲಿಲೀಟರ್ ಫ್ರೆಶ್ ಕ್ರೀಮ್, ಒಂದು ಕ್ವಾರ್ಟರ್ ವಿಸ್ಕಿ, ತುಸು ಬಿಸಿನೀರಿನಲ್ಲಿ ಕರಗಿಸಿ ಆರಿಸಿದ ಎರಡು ಚಮಚ ಇನ್‌ಸ್ಟಂಟ್ ಕಾಫಿ. ಒಂದೆರಡು ಸುತ್ತು ತಿರುಗಿಸಿ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸುವುದು. ಮೇಲೆ ಛೀಮಾರಿ ಹಾಕಲ್ಪಟ್ಟ ಶೇ. 25ರ ಕ್ರೀಮಿಗೆ ಇಲ್ಲಿ ಮೋಕ್ಷ ಸಿಗುತ್ತದೆ. ಲೇಖಕ ಹುಟ್ಟಾ ಭೇದವಾದಿ; ಆದರೂ ಬೇಸಿಗೆಯಲ್ಲಿ, ಐಸ್ ಹಾಕಿಕೊಂಡು, ಅಭೇದವಾದಿಗಳ ಜೊತೆ ಸೌಹಾರ್ದ ಸಂವಾದಕ್ಕೆ ಸಿದ್ಧ.

ಸಿದ್ಧಾಂತದ ಮೇಲಿನ ಗಂಭೀರ ಆಕ್ಷೇಪ ಬಂದದ್ದು ಭಾವಮೈದನಿಂದ. "ಭಾವ, ನಂಗೆ ಶುಗರ್ ಇದೆ. ಶುಗರ್ ಫ್ರೀ ಹಾಕಿದ್ರೆ ತೇಲತ್ತಾ?" ಆ ಗುಳಿಗೆಯಲ್ಲಿ ಸಿಹಿಯಿದೆ, ತೂಕವಿಲ್ಲ, ಕೆನೆಯ ಇಬ್ಬರು ಮಿತ್ರರಲ್ಲಿ ಒಬ್ಬ ಪಕ್ಷಾಂತರ ಮಾಡಿದಂತಾಯಿತು. ಆಗ ಗಾಳಿಯನ್ನೇ ನಂಬಿ ಇನ್ನಷ್ಟು ಕುಲುಕಬೇಕು. ಕುಲುಕಿದ್ದಾಯಿತು, ತೇಲಿತು. ಶುಗರ್ ಇರುವವನು ವಿಸ್ಕಿ ಕುಡಿಯಬಹುದೇ ಎಂಬ ಪ್ರಶ್ನೆಯನ್ನು ಅವನ ಅಕ್ಕ ಎತ್ತಿದರು. ಅದು ಈ ಪ್ರಬಂಧದ ವ್ಯಾಪ್ತಿಗೆ ಹೊರತೆಂದು ನಿವೇದಿಸಿಕೊಂಡರೂ ಲೋಟ ಜಪ್ತಿಯಾಯಿತು. ಹೀಗೆ ಮೂಲಪ್ರತಿ ನಷ್ಟವಾದ ಕಾರಣ ಭಾವ, ಭಾವಮೈದ ಇಬ್ಬರೂ ಮಹಡಿಯಲ್ಲಿ ಕೂತು ಸಿದ್ಧಪಡಿಸಿದ ಎರಡನೆಯ ಲೋಟವನ್ನು ಪಾಠಾಂತರ ಎನ್ನಬೇಕೋ ಪುನರುಕ್ತಿದೋಷ ಎನ್ನಬೇಕೋ ಎಂಬುದರಲ್ಲಿ ಮಾತ್ರ ಮನೆಯ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.