ಅಡ್ಡರಸ್ತೆಯ ನೌಕರ

ಬೆಂಗಳೂರಿನ ಜಯನಗರ, ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಗಳಲ್ಲಿ, ಒಂದು ಕಾಲದ ವಾಸದ ಮನೆಗಳನ್ನು ಕೆಡವಿ ಎಬ್ಬಿಸಿದ ನಾಲ್ಕಂತಸ್ತಿನ ಕಚೇರಿ ಕಟ್ಟಡಗಳ ಸುತ್ತಮುತ್ತ, ಬೆಳಗಿನ ಒಂಬತ್ತೂವರೆಯ ಹೊತ್ತಿಗೆ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿಕೊಂಡು, ಎರಡೂ ಕಾಲುಗಳನ್ನು ನೆಲಕ್ಕೆ ಊರುತ್ತ, ನಡಿಗೆಗಿಂತ ನಿಧಾನವಾಗಿ ಸ್ಕೂಟರ್ ನಡೆಸುವ ಒಂದು ವರ್ಗದ ಜನ ಕಾಣಸಿಗುತ್ತಾರೆ. ಇವರು ವಿಳಾಸ ಹುಡುಕುತ್ತಿದ್ದಾರೆಂದು ಭಾವಿಸಿ ದಾರಿ ಹೇಳಲು ಬರುವ ಸಜ್ಜನರಿಗೆ ನಿರಾಶೆ ಕಾದಿರುತ್ತದೆ. ವಿಳಾಸ ಇವರಿಗೆ ವರ್ಷಗಳಿಂದ ಬಾಯಿಪಾಠವಾಗಿದ್ದು, ಸದ್ಯಕ್ಕೆ ಹುಡುಕುತ್ತಿರುವುದು ಎರಡು ಗೇಟುಗಳ ನಡುವಿನ ಮೂರಡಿ ಜಾಗವನ್ನು ಮಾತ್ರ. ಕಚೇರಿಯ ಆವರಣದಲ್ಲಿ ಗಾಡಿ ನಿಲ್ಲಿಸುವ ಹಕ್ಕಿಲ್ಲದ, ಆದರೆ ಗಾಡಿ ಬಿಟ್ಟು ಬರುವ ಅನುಕೂಲವೂ ಇಲ್ಲದ ಈ ಜೀವಿಯನ್ನು ಅಡ್ಡರಸ್ತೆಯ ನೌಕರನೆಂದು ಕರೆಯಬಹುದು.

ಈ ವರ್ಗದ ಹುಟ್ಟಿಗೆ ಕಾರಣ ಸುತ್ತೋಲೆ, ಅಂದರೆ ಆಡಳಿತ ವಿಭಾಗದವರು ಮೇಜಿಂದ ಮೇಜಿಗೆ ತಿರುಗಿಸಿ ಎಲ್ಲರಿಂದಲೂ ಸಹಿ ಹಾಕಿಸಿಕೊಳ್ಳುವ ಆಜ್ಞಾಪತ್ರ. ಕಟ್ಟಡದ ಮುಂಭಾಗವು ಗ್ರಾಹಕರಿಗೆ ಮೀಸಲಾಗಿರುವುದರಿಂದ ಸಿಬ್ಬಂದಿಯವರು ವಾಹನಗಳನ್ನು ಅಲ್ಲಿ ನಿಲ್ಲಿಸತಕ್ಕದ್ದಲ್ಲವೆಂದೂ, ಪರ್ಯಾಯ ವ್ಯವಸ್ಥೆಯನ್ನು ಸ್ವಂತ ಜವಾಬ್ದಾರಿಯ ಮೇಲೆ ಮಾಡಿಕೊಳ್ಳತಕ್ಕದ್ದೆಂದೂ ಅದರಲ್ಲಿ ವಿಧಿಸಲಾಗಿರುತ್ತದೆ. ಜಾಗದ ಕೊರತೆ ಸುಳ್ಳಲ್ಲ. ನಗರ ಯೋಜಕರು ಬಳಸುವ ‘ಸಮಾನ ಕಾರು ಸ್ಥಳ’ ಎಂಬ ಮಾನದಂಡದಲ್ಲಿ, ಕಾರು ನಿಲ್ಲುವ ಜಾಗದೊಂದಿಗೆ ಅದು ಒಳಗೆ ಬಂದು ತಿರುಗಿ ಹೊರಡಲು ಬೇಕಾದ ಜಾಗವನ್ನೂ ಸೇರಿಸಿ, ಬಯಲಿನಲ್ಲಾದರೆ ಒಂದು ಕಾರಿಗೆ 23 ಚದರ ಮೀಟರ್, ನೆಲಮಾಳಿಗೆಯಲ್ಲಾದರೆ 32 ಚದರ ಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಮೂರನೆಯ ಮಹಡಿಯಲ್ಲಿ ಕುಳಿತು ದಿನವಿಡೀ ದುಡಿಯುವ ಗುಮಾಸ್ತನ ಮೇಜು ಕುರ್ಚಿಗೆ ದಕ್ಕಿರುವ ನೆಲ ಇದರ ಒಂದು ಮೂಲೆಗೂ ಸಾಲದು. ಆದರೆ ನಕ್ಷೆ ಮಂಜೂರಾಗುವಾಗ ವಾಹನಗಳಿಗೆಂದು ತೋರಿಸಿದ್ದ ನೆಲಮಾಳಿಗೆಯಲ್ಲಿ ಈಗ ಒಂದು ಜೆರಾಕ್ಸ್ ಅಂಗಡಿ, ಒಂದು ದರ್ಶಿನಿಯ ಅಡುಗೆಮನೆ ಮತ್ತು ಯಾರೂ ತೆರೆಯದ ಹಳೆಯ ಕಡತಗಳು ನಿಂತಿರುವುದನ್ನು ಸುತ್ತೋಲೆ ಪ್ರಸ್ತಾಪಿಸುವುದಿಲ್ಲ. ಮುಂಭಾಗದಲ್ಲಿ ಉಳಿದ ನಾಲ್ಕು ಕಾರುಗಳ ಜಾಗದಲ್ಲಿ ಮೂರು ಮೇಲಧಿಕಾರಿಗಳ ಪಾಲಾಗಿ, ನಾಲ್ಕನೆಯದರಲ್ಲಿ, ಎಂದಾದರೂ ಬರಬಹುದಾದ ಗ್ರಾಹಕನ ಪ್ರತಿನಿಧಿಯಾಗಿ, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕೂತಿರುತ್ತದೆ.

ಹೀಗೆ ಹೊರದೂಡಲ್ಪಟ್ಟ ನೌಕರ ಕಾಲಕ್ರಮದಲ್ಲಿ ಸಂಪಾದಿಸುವ ಪಾಂಡಿತ್ಯ ಸಾಮಾನ್ಯವಾದುದಲ್ಲ. ಕಚೇರಿಯಿಂದ ಅರ್ಧ ಕಿಲೋಮೀಟರ್ ಫಾಸಲೆಯಲ್ಲಿರುವ ಪ್ರತಿಯೊಂದು ಕ್ರಾಸ್‌ನಲ್ಲಿ ಯಾವ ಮನೆಯವರು ಊರಿಗೆ ಹೋಗಿದ್ದಾರೆ, ಯಾವ ಮನೆಯ ಕಾರು ಕೆಟ್ಟು ತಿಂಗಳಾಯಿತು, ಯಾವ ನಿವೇಶನದ ವ್ಯಾಜ್ಯ ಇನ್ನೂ ನ್ಯಾಯಾಲಯದಲ್ಲಿದೆ ಎಂಬುದು ಅಂಚೆಯವನಿಗಿಂತ ಮೊದಲು ಈತನಿಗೆ ತಿಳಿಯುತ್ತದೆ. ವ್ಯಾಜ್ಯದ ನಿವೇಶನವಂತೂ ಈತನ ಪಾಲಿಗೆ ಪುಣ್ಯಕ್ಷೇತ್ರವಾಗಿದ್ದು, ದಾಯಾದಿಗಳು ರಾಜಿಯಾದರೆಂಬ ಸುದ್ದಿ ಬಂದ ದಿನ ಈತನಿಗೆ ಊಟ ಸೇರುವುದಿಲ್ಲ. ಸಸ್ಯಶಾಸ್ತ್ರದಲ್ಲೂ ಈತ ಹಿಂದೆ ಬಿದ್ದವನಲ್ಲ. ಹೊಂಗೆಯ ನೆರಳು ದಟ್ಟವೆಂದೂ, ಆದರೆ ಹೂ ಉದುರುವ ಕಾಲದಲ್ಲಿ ಸೀಟಿನ ಸಂದುಗಳೆಲ್ಲ ತುಂಬಿಹೋಗುವುವೆಂದೂ, ಜೂನ್ ತಿಂಗಳಲ್ಲಿ ನೇರಳೆ ಮರದ ಕೆಳಗೆ ಬಿಳಿಯ ಸ್ಕೂಟರ್ ನಿಲ್ಲಿಸುವುದು ಅವಿವೇಕವೆಂದೂ, ತೆಂಗಿನ ಮರದ ಕೆಳಗೆ ಯಾವ ತಿಂಗಳಲ್ಲಿಯೂ ಯಾವ ಬಣ್ಣದ ಗಾಡಿಯನ್ನೂ ನಿಲ್ಲಿಸಬಾರದೆಂದೂ ಹೊಸದಾಗಿ ಸೇರಿದ ಹುಡುಗರಿಗೆ ಉಪದೇಶಿಸುವುದು ಈತನೇ. ರಸ್ತೆಯ ಒಂದು ಬದಿಯಲ್ಲಿ ಸಮಸಂಖ್ಯೆಯ ತಾರೀಖುಗಳಂದು, ಇನ್ನೊಂದು ಬದಿಯಲ್ಲಿ ಬೆಸಸಂಖ್ಯೆಯ ತಾರೀಖುಗಳಂದು ವಾಹನ ನಿಲ್ಲಿಸಲು ಅನುಮತಿ ನೀಡುವ ಪೊಲೀಸರ ಸಮ-ಬೆಸ ಪದ್ಧತಿಯ ದೆಸೆಯಿಂದ ಈತನ ದಿನಚರಿ ಪಂಚಾಂಗಕ್ಕೂ ಬದ್ಧವಾಗಿದೆ. ಏಕಾದಶಿ ಎಂದು ಬಂತೆಂಬುದು ಮರೆತರೂ ಮೂವತ್ತೊಂದರ ಮರುದಿನ ಒಂದನೆಯ ತಾರೀಖು ಬರುವುದರಿಂದ ಎರಡು ದಿನ ಒಂದೇ ಬದಿಯಲ್ಲಿ ನಿಲ್ಲಿಸಬಹುದೆಂಬ ಸೂಕ್ಷ್ಮ ಈತನಿಗೆ ಮರೆಯುವುದಿಲ್ಲ.

ಅಡ್ಡರಸ್ತೆಯ ನಿವಾಸಿಗಳೊಂದಿಗೆ ಈತನಿಗಿರುವ ಸಂಬಂಧವೇ ಒಂದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾಗಿದೆ. ಆ ಮನೆಗಳ ಗೇಟುಗಳ ಮೇಲೆ ‘ವಾಹನ ನಿಲ್ಲಿಸಬೇಡಿ, ನಿಲ್ಲಿಸಿದರೆ ಗಾಳಿ ಬಿಡಲಾಗುವುದು’ ಎಂಬ ಫಲಕಗಳಿರುತ್ತವೆ. ಫಲಕಕ್ಕೆ ಬಗ್ಗದವರಿಗಾಗಿ ಕಾಂಪೌಂಡಿನ ಹೊರಗೆ ಹೂಕುಂಡಗಳನ್ನೂ, ಕುಂಡಕ್ಕೂ ಬಗ್ಗದವರಿಗಾಗಿ ಸೈಜುಗಲ್ಲುಗಳನ್ನೂ ಇಟ್ಟಿರುತ್ತಾರೆ. ಗೇಟಿಗೆ ಅಡ್ಡವಾಗಿ ವಾಹನ ನಿಲ್ಲಿಸುವುದು ತಪ್ಪೆಂಬುದು ನಿಜವಾದರೂ, ಗೇಟನ್ನು ಬಿಟ್ಟು ಕಾಂಪೌಂಡಿನುದ್ದಕ್ಕೂ ಹರಡಿರುವ ರಸ್ತೆಯಂಚು ಸಾರ್ವಜನಿಕರದು; ಅದನ್ನು ಕುಂಡ ಇಟ್ಟು ಕಾಯುವುದಕ್ಕೆ ಯಾವ ಕಾನೂನಿನ ಬಲವೂ ಇಲ್ಲ. ಈ ತತ್ತ್ವ ನೌಕರನಿಗೆ ಚೆನ್ನಾಗಿ ಗೊತ್ತಿದೆ, ಆದರೆ ಮನೆಯಜ್ಜಿ ಬಾಗಿಲು ತೆರೆದು ಹೊರಬಂದ ಕ್ಷಣದಲ್ಲಿ ತತ್ತ್ವವನ್ನು ಮಂಡಿಸದೆ, “ಅಜ್ಜೀ, ಐದೇ ನಿಮಿಷ, ಈಗ ಬಂದೆ” ಎನ್ನುವುದು ರೂಢಿ. ಆ ಐದು ನಿಮಿಷ ಸಂಜೆ ಆರು ಗಂಟೆಗೆ ಮುಗಿಯುತ್ತದೆಂಬುದು ಅಜ್ಜಿಗೂ ಗೊತ್ತಿರುವುದರಿಂದ, “ಐದು ನಿಮಿಷದ ಅಪ್ಪಾ, ನಿನ್ನೆಯದೇ ಇನ್ನೂ ಮುಗಿದಿಲ್ಲ” ಎಂಬ ಉತ್ತರ ಬರುವುದೂ ರೂಢಿಯೇ. ಕೆಲವರಲ್ಲಿ ಈ ಜಗಳ ವರ್ಷಗಳು ಕಳೆದಂತೆ ನೆಂಟಸ್ತಿಕೆಗೆ ತಿರುಗಿ, ಅಜ್ಜಿಗೆ ಗುಳಿಗೆ ತಂದುಕೊಡುವ, ವಿದ್ಯುತ್ ಬಿಲ್ಲು ಕಟ್ಟಿಬರುವ ಕೆಲಸಗಳಿಗೆ ಪ್ರತಿಯಾಗಿ ಒಂದು ಸ್ಕೂಟರಿನ ಜಾಗ ಖಾಯಂ ಆಗುತ್ತದೆ. ಇದನ್ನು ಬಾಡಿಗೆ ಎನ್ನಬೇಕೋ ಸ್ನೇಹ ಎನ್ನಬೇಕೋ ಎಂಬುದನ್ನು ಇಬ್ಬರೂ ನಿರ್ಧರಿಸಿಲ್ಲ.

ಟೋಯಿಂಗ್, ಅಂದರೆ ನಿಷಿದ್ಧ ಸ್ಥಳದಲ್ಲಿ ನಿಂತ ವಾಹನಗಳನ್ನು ಪೊಲೀಸರ ಪರವಾಗಿ ಎತ್ತಿ ಲಾರಿಗೆ ಹೇರಿಕೊಂಡು ಹೋಗುವ ವ್ಯವಸ್ಥೆ, ಜಾರಿಯಲ್ಲಿದ್ದ ದಿನಗಳನ್ನು ಹಿರಿಯ ನೌಕರರು ಯುದ್ಧಕಾಲವನ್ನು ನೆನೆಯುವ ಧಾಟಿಯಲ್ಲಿ ನೆನೆಯುತ್ತಾರೆ. ಮೈಕಿನಲ್ಲಿ ಗಾಡಿ ನಂಬರು ಕೂಗುವ ದನಿ ಕಿಟಕಿಯಿಂದ ಕೇಳಿದೊಡನೆ ಮೀಟಿಂಗಿನ ನಡುವೆಯೇ ಅರ್ಧ ವಿಭಾಗ ಎದ್ದು ಮೆಟ್ಟಿಲಿಳಿದು ಓಡುತ್ತಿತ್ತು. ಸಾರ್ವಜನಿಕರ ದೂರುಗಳು ಹೆಚ್ಚಿ 2022ರ ಆರಂಭದಲ್ಲಿ ಸರ್ಕಾರ ಬೆಂಗಳೂರಿನಲ್ಲಿ ಈ ವ್ಯವಸ್ಥೆಗೆ ತಡೆ ಹಾಕಿದಾಗ ನೌಕರರ ರಕ್ತದೊತ್ತಡ ಇಳಿಯಿತಾದರೂ, ಅವರ ದೇಹದಾರ್ಢ್ಯಕ್ಕೆ ಅದರಿಂದ ನಷ್ಟವಾಯಿತೆಂದು ಹೇಳದೆ ವಿಧಿಯಿಲ್ಲ.

ಹಣ ಕೊಟ್ಟು ನಿಲ್ಲಿಸುವ ಸಲಹೆಯನ್ನು ಮಾತ್ರ ಈತ ಒಪ್ಪುವುದಿಲ್ಲ. ಫ್ರೀಡಂ ಪಾರ್ಕಿನ ಪಕ್ಕದಲ್ಲಿ 2024ರಲ್ಲಿ ಪಾಲಿಕೆಯ ಬಹುಮಹಡಿ ನಿಲುಗಡೆ ಕಟ್ಟಡ ತೆರೆದಾಗ ಗಾಂಧಿನಗರದ ಅಂಗಡಿಗಳ ಸಿಬ್ಬಂದಿ ಅದನ್ನು ಗೌರವದಿಂದ ನೋಡಿ, ದರಪಟ್ಟಿಯನ್ನು ಓದಿ, ಮತ್ತೆ ತಮ್ಮ ಕ್ರಾಸ್‌ಗೆ ಮರಳಿದ್ದರೆ ಆಶ್ಚರ್ಯವಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ 2012ರಿಂದ, ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ವಾಹನಗಳಿಗೆ ಜಾಗ ಒದಗಿಸುವ ಮಾಲೀಕರು ಪ್ರತಿಯೊಂದು ಜಾಗಕ್ಕೂ ನಗರಾಡಳಿತಕ್ಕೆ ವಾರ್ಷಿಕ ಶುಲ್ಕ ತೆರಬೇಕಾಗಿದ್ದು, ಆ ಹಣ ಟ್ರಾಮಿನಂಥ ಸಾರ್ವಜನಿಕ ಸಾರಿಗೆಗೆ ಹೋಗುತ್ತದೆ. ಅಲ್ಲಿ ಜಾಗ ಕೊಟ್ಟ ತಪ್ಪಿಗೆ ಮಾಲೀಕ ಹಣ ತೆರುತ್ತಾನೆ. ಇಲ್ಲಿ ಜಾಗ ಕೊಡದೆ, ಹಣವನ್ನೂ ತೆರದೆ, ಸುತ್ತೋಲೆಯೊಂದರ ಖರ್ಚಿನಲ್ಲಿ ಇಡೀ ಸಮಸ್ಯೆಯನ್ನು ಪಕ್ಕದ ಬೀದಿಯ ಅಜ್ಜಿಗೆ ವರ್ಗಾಯಿಸುತ್ತಾನೆ.

ಕಚೇರಿಯೊಳಗೆ ಈತನ ಪಾಲಿಗೆ ನಿಜವಾದ ಅಧಿಕಾರಿ ವ್ಯವಸ್ಥಾಪಕನಲ್ಲ, ಗೇಟಿನ ಸೆಕ್ಯುರಿಟಿ. ಮೇಲಧಿಕಾರಿ ರಜೆಯಲ್ಲಿರುವ ಸುದ್ದಿ ಮೊದಲು ತಲುಪುವುದು ಆತನಿಗೆ. “ಸಾರ್, ಇವತ್ತು ಒಳಗೇ ಹಾಕ್ಕೊಳ್ಳಿ, ಹ್ಯಾಂಡಲ್ ಲಾಕ್ ಮಾಡ್ಬೇಡಿ” ಎಂಬ ಒಂದು ಮಾತು ಸಂಬಳದ ಬಡ್ತಿಗಿಂತ ಹೆಚ್ಚಿನ ಸಂತೋಷ ಕೊಡುತ್ತದೆಂಬುದಕ್ಕೆ ಆ ದಿನ ಕಡತಗಳು ವಿಲೇವಾರಿಯಾಗುವ ವೇಗವೇ ಸಾಕ್ಷಿ. ದೀಪಾವಳಿಗೆ ಸಿಹಿ ಹಂಚುವಾಗ ಮೊದಲ ಪೊಟ್ಟಣ ಗೇಟಿಗೆ ಹೋಗುವುದರ ಮರ್ಮವೂ ಇದೇ. ಬಹುಕಾಲದ ಸೇವೆಯ ನಂತರ ಇಂಥವನೊಬ್ಬನಿಗೆ ಅಪರೂಪಕ್ಕೆ ಸ್ಟಿಕ್ಕರ್, ಎಂದರೆ ಗಾಡಿಯ ಮೇಲೆ ಅಂಟಿಸುವ ಒಳಪ್ರವೇಶದ ಪರವಾನಗಿ, ದೊರೆತರೆ ಮರುದಿನದಿಂದಲೇ ಆತ ಸುತ್ತೋಲೆಯ ಕಟ್ಟಾ ಸಮರ್ಥಕನಾಗಿ, ಗ್ರಾಹಕರ ಹಿತದೃಷ್ಟಿಯ ಬಗ್ಗೆ ಮಾತಾಡತೊಡಗುವುದನ್ನು ಕ್ಷಮಿಸಬೇಕು, ಏಕೆಂದರೆ ಕೆಂಪು ಕುರ್ಚಿಯನ್ನು ಎತ್ತಿ ಬದಿಗಿಡುವ ಸುಖ ಅನುಭವಿಸಿದವರಿಗಷ್ಟೇ ಗೊತ್ತು.

ಸ್ಟಿಕ್ಕರ್ ಸಿಗದ ಉಳಿದವರೆಲ್ಲ ಈಗಲೂ ಕ್ರಾಸ್‌ಗಳಲ್ಲೇ ಇದ್ದಾರೆ. ಆದುದರಿಂದ ಮನೆಯ ಕಾಂಪೌಂಡಿಗೆ ಒತ್ತಿ ನಿಂತ ಸ್ಕೂಟರೊಂದನ್ನು ಕಂಡ ಓದುಗರು ಚಕ್ರದ ಗಾಳಿ ಬಿಡುವ ಮುನ್ನ ಅದರ ಮುಂಭಾಗದಲ್ಲಿ ಸೆಲ್ಲೋಟೇಪಿನಿಂದ ಅಂಟಿಸಿರುವ ಚೀಟಿಯ ಸಂಖ್ಯೆಗೆ ಒಮ್ಮೆ ಕರೆ ಮಾಡುವುದು ಒಳ್ಳೆಯದು; ಗಾಡಿಯ ಒಡೆಯ ಮೂರನೆಯ ಮಹಡಿಯಿಂದ ಲಿಫ್ಟಿಗೂ ಕಾಯದೆ ಇಳಿದು ಬರುತ್ತಾನೆ.