ಪಾದಮುದ್ರಾಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅದರ ಆದಿಯಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದು ಶಿಷ್ಟಸಂಪ್ರದಾಯವಾದುದರಿಂದ, ಪ್ರಕೃತ ಗ್ರಂಥಕ್ಕೆ ಅಧಿಕಾರಿಯು ಬೆಂಗಳೂರಿನ ಹಾಸ್ಟೆಲೊಂದರಲ್ಲಿ ವಾಸಿಸುವ ಪದವಿ ತರಗತಿಯ ವಿದ್ಯಾರ್ಥಿಯೆಂದೂ, ವಿಷಯವು ಆತನು ಭೂಮಂಡಲದ ಮೇಲೆ ಊರಿರುವ ಪರಿಸರ ಹೆಜ್ಜೆಗುರುತೆಂದೂ, ಇವೆರಡರ ಸಂಬಂಧವು ಹತ್ತು ಆಂತರಿಕ ಅಂಕಗಳೆಂದೂ, ಪ್ರಯೋಜನವು ಇನ್ನೂ ವಿಚಾರಣೀಯವೆಂದೂ ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ. ಎಂ. ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರವನ್ನು ಕಡ್ಡಾಯ ಪಾಠವಾಗಿಸಬೇಕೆಂದು ಆಜ್ಞಾಪಿಸಿತಷ್ಟೆ. ಅಂದಿನಿಂದ ಪರಿಸರವು ಉಳಿಯಿತೋ ಇಲ್ಲವೋ, ಪರಿಸರದ ಪ್ರಶ್ನೆಪತ್ರಿಕೆಯಂತೂ ಅಳಿವಿನ ಭಯವಿಲ್ಲದೆ ಬಾಳುತ್ತಿದೆ.

ಪಾದದಿಂದ ಜಗತ್ತನ್ನು ಅಳೆದವರಲ್ಲಿ ಆದ್ಯನು ತ್ರಿವಿಕ್ರಮನು. ತರುವಾಯದವರು, 1990ರ ದಶಕದಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಲಿಯಂ ರೀಸ್ ಮತ್ತು ಅವರ ಶಿಷ್ಯ ಮ್ಯಾಥಿಸ್ ವಾಕರ್ನಾಗೆಲ್. ಮನುಷ್ಯನು ಉಂಡುದನ್ನೂ ಉಟ್ಟುದನ್ನೂ ಬೆಳೆಯಲು, ಉರಿಸಿದುದರ ಹೊಗೆಯನ್ನು ಹೀರಲು ಎಷ್ಟು ನೆಲ, ಎಷ್ಟು ಕಡಲು ಬೇಕೆಂಬುದನ್ನು ‘ಜಾಗತಿಕ ಹೆಕ್ಟೇರು’ ಎಂಬ ಮಾನದಲ್ಲಿ ಗಣಿಸಿದ ಆ ಗುರುಶಿಷ್ಯರ ಮೇಲೆ ನನಗೆ ದ್ವೇಷವಿಲ್ಲ. ಅವರು ನಗರಗಳನ್ನೂ ದೇಶಗಳನ್ನೂ ಅಳೆಯಹೊರಟವರು. ಅಮೆರಿಕದವನಿಗೆ ಸುಮಾರು 8 ಹೆಕ್ಟೇರು ಬೇಕಾದರೆ ಭಾರತೀಯನಿಗೆ ಒಂದರ ಆಸುಪಾಸು ಸಾಕೆಂದು ತೋರಿಸಿಕೊಟ್ಟದ್ದೂ ಅದೇ ಲೆಕ್ಕವೇ. ಅನಂತರ, ಈ ಶತಮಾನದ ಮೊದಲ ದಶಕದಲ್ಲಿ, ಬಿ.ಪಿ. ಎಂಬ ತೈಲ ಕಂಪನಿಯು ಇಂಗಾಲದ ಹೆಜ್ಜೆಯನ್ನು ಜಾಹೀರಾತಿಗೆ ಇಳಿಸಿ, ‘ನಿನ್ನ ಹೆಜ್ಜೆಯನ್ನು ನೀನೇ ಅಳೆದುಕೋ’ ಎಂದು ಜನರ ಕೈಗೆ ಗಣನಯಂತ್ರವನ್ನಿತ್ತಿತು. ಮೂರನೆಯ ಹೆಜ್ಜೆಗೆ ತಲೆಯೊಡ್ಡತಕ್ಕ ಬಲಿಯನ್ನು ಆಗಿನಿಂದ ಹುಡುಕುತ್ತಿದ್ದರು. ಆತನು ನಮ್ಮ ಹಾಸ್ಟೆಲಿನಲ್ಲಿ ಸಿಕ್ಕಿದನು.

ಪಾದವು ಪಂಚವಿಧವಾದುದು: ಅನ್ನಪಾದ, ಸ್ನಾನಪಾದ, ಸಂಚಾರಪಾದ, ವಿದ್ಯುತ್ಪಾದ, ಉಚ್ಛಿಷ್ಟಪಾದ. ಇವುಗಳಲ್ಲಿ ಅನ್ನಪಾದವನ್ನು ಕುರಿತು, ಆ ಹತ್ತು ಅಂಕಗಳಿಗಾಗಿ ನಾವು ತುಂಬಿ ಕೊಡತಕ್ಕ ಪ್ರಶ್ನಾವಳಿಯು ‘ನಿಮ್ಮ ಆಹಾರದಲ್ಲಿ ದೂರದೇಶದ ಪದಾರ್ಥ ಎಷ್ಟು?’ ಎಂದು ಕೇಳುತ್ತದೆ. ತೊಗರಿಬೇಳೆಯು ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದಲೂ ಹಡಗೇರಿ ಬರುವುದುಂಟಾದರೂ, ನಮ್ಮ ಮೆಸ್ಸಿನ ಸಾಂಬಾರಿನವರೆಗೆ ಅದು ತಲುಪಿದ ನಿದರ್ಶನಗಳು ವಿರಳವಾದುದರಿಂದ ಈ ಪಾದವು ಲಘುವೆಂದು ಸಿದ್ಧವಾಯಿತು. ಸ್ನಾನಪಾದದಲ್ಲಿ ‘ಷವರಿನ ಕೆಳಗೆ ಎಷ್ಟು ನಿಮಿಷ ನಿಲ್ಲುವಿರಿ?’ ಎಂದಿದೆ. ಷವರು ಇದೆ, ಅದರೊಳಗೆ ಜೇಡವೊಂದು ಸಂಸಾರ ಹೂಡಿದೆ. ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪಿನ ಬಲದಿಂದ ಏರಿ ಬರುವ ಕಾವೇರಿಯು ನಮ್ಮ ನಲ್ಲಿಗೆ ದಿನ ಬಿಟ್ಟು ದಿನ ಬೆಳಗಿನ ಐದೂವರೆಗೆ ದಯಮಾಡಿಸುವಳು. ಆ ಮುಹೂರ್ತಕ್ಕೆ, ಹಿಡಿ ಮುರಿದು ನೈಲಾನ್ ಹಗ್ಗ ಕಟ್ಟಿಸಿಕೊಂಡ, ‘ರೂಂ 14’ ಎಂದು ಉಗುರುಬಣ್ಣದಲ್ಲಿ ಬರೆಸಿಕೊಂಡ ನನ್ನ ನೀಲಿ ಬಕೆಟ್ಟು ಹಿಂದಿನ ರಾತ್ರಿಯೇ ಸಾಲಿನಲ್ಲಿ ನಿಂತಿರುತ್ತದೆ. ಇದನ್ನು ನಿಮಿಷಗಳಿಗೆ ಪರಿವರ್ತಿಸುವ ಸೂತ್ರವನ್ನು ಪ್ರಶ್ನಾವಳಿಯು ಕೊಟ್ಟಿಲ್ಲ. ಸಂಚಾರಪಾದದಲ್ಲಿ ವಿಮಾನಯಾನದ ಗಂಟೆಗಳು: ಸೊನ್ನೆ. ಉಚ್ಛಿಷ್ಟಪಾದವನ್ನು ಬಿಟ್ಟುಬಿಡುತ್ತೇನೆ; ಹಸಿದ ಇನ್ನೂರು ಹುಡುಗರ ತಟ್ಟೆಯಲ್ಲಿ ಉಚ್ಛಿಷ್ಟವನ್ನು ಹುಡುಕುವುದು ಶಾಸ್ತ್ರಕ್ಕೆ ಶೋಭೆಯಲ್ಲ.

ಒಟ್ಟು ಫಲಿತಾಂಶ: ಸಕಲ ಮಾನವರೂ ನನ್ನಂತೆ ಬಾಳಿದರೆ ಅರ್ಧ ಭೂಮಿ ಸಾಕಂತೆ. ಉಳಿದರ್ಧವನ್ನು ಯಾರಿಗೆ ಒಪ್ಪಿಸಿ ರಸೀತಿ ಪಡೆಯಬೇಕೆಂದು ಕೇಳುವಷ್ಟರಲ್ಲಿ, ಇನ್ನೂ ಕುಗ್ಗಿಸಿಕೊಳ್ಳುವ ವಿಧಾನವನ್ನು ಕಲಿಸಲು ಕಾರ್ಯಾಗಾರವನ್ನು ಏರ್ಪಡಿಸಿದರು. ದೆಹಲಿಯಿಂದ ವಿಮಾನದಲ್ಲಿ ಆಗಮಿಸಿದ ಸಂಪನ್ಮೂಲ ವ್ಯಕ್ತಿಗಳು (ಈ ಪದವನ್ನು ಟಂಕಿಸಿದವನು ಮಹಾ ಹಾಸ್ಯಗಾರನಿರಬೇಕು), ಶಾಲು ಹೊದೆಯಬೇಕಾಗುವಷ್ಟು ತಂಪಾದ ಸಭಾಂಗಣದಲ್ಲಿ, ಇಪ್ಪತ್ತಡಿಯ ಫ್ಲೆಕ್ಸಿನ ಕೆಳಗೆ, ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳ ನಡುವೆ ಕುಳಿತು, ಸ್ನಾನಕ್ಕೆ ಒಂದು ಚೊಂಬು ಕಡಮೆ ಮಾಡಿಕೊಳ್ಳಿರೆಂದು ಉಪದೇಶಿಸಿದರು. ಸ್ವಾಮೀ, ಯಾವ ಒಂದು ಚೊಂಬು? ನಲ್ಲಿಯ ಮುಂದೆ ನಾಲ್ಕು ಗಂಟೆಗೆ ಎದ್ದು ನಿಂತವನಿಗೆ ನೀರಿನ ಬೆಲೆಯನ್ನು ತಿಳಿಸಲು ನಿಮಗೆ ನಾಚಿಕೆಯಾಗಲಿಲ್ಲವೆ? ಅಳೆಯತಕ್ಕ ಪಾದ ನಿಮ್ಮದು. ಮೈ ಬಗ್ಗಿಸಿ ಅಳತೆಗೋಲು ಹಿಡಿಯಬೇಕಾದವನು ಮಾತ್ರ ನಾನು!

ಕ್ಷಮಿಸಬೇಕು. ಗ್ರಂಥಕರ್ತನಿಗೆ ಕೋಪ ಸಲ್ಲದು. ವಿದ್ಯುತ್ಪಾದವೊಂದು ಉಳಿಯಿತು.

ನನ್ನ ಕೋಣೆಯ ಫ್ಯಾನಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ‘ಜಲವಿದ್ಯುತ್, ಶುದ್ಧ’ ಎಂದು ಗುರುತು ಹಾಕಿದರೆ ಹೆಜ್ಜೆಯು ತಟ್ಟನೆ ಕಿರಿದಾಗುತ್ತದೆ. ಹಾಕಿದೆ, ಕಿರಿದಾಯಿತು. ಆದರೆ ಆ ಶುದ್ಧಿಯ ಅರ್ಥ ನಮ್ಮ ಮನೆಯಲ್ಲಿ ಬೇರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆಯ ಹಿಂದೆ ಶರಾವತಿಯು ಏರಿದಾಗ, ಅಜ್ಜನು ಹೊಸದಾಗಿ ಕಾಯಿ ಬಿಟ್ಟಿದ್ದ ಅಡಿಕೆಮರಗಳನ್ನು ಹಾಗೆಯೇ ಬಿಟ್ಟು, ಒರಳುಕಲ್ಲನ್ನೂ ದನಗಳನ್ನೂ ಲಾರಿಗೆ ಹಾಕಿಕೊಂಡು ಹೊರಟವನು. ಸೇರಿದ ಕಾಡಿನ ಹಾಡಿಯಲ್ಲಿ ಅವನ ಮನೆಗೆ ದೀಪ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಕಡುಬೇಸಗೆಯಲ್ಲಿ ನೀರಿಳಿದು ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತಿದಾಗಲೆಲ್ಲ, ನಡೆಯಬಲ್ಲಷ್ಟು ವರ್ಷ, ಅವನು ಹೋಗಿ ಬಿರಿದ ಕೆಸರಿನ ಮೇಲೆ ತನ್ನ ತೋಟದ ಗಡಿಯನ್ನು ಹೆಜ್ಜೆಯಲ್ಲಿ ಎಣಿಸಿ ಬರುತ್ತಿದ್ದನು. ಅದಾವ ಕಾಲಮಿನಲ್ಲೂ ಇಲ್ಲ. ಕೊನೆಗೆ ‘ಇತರೆ’ ಎಂಬ ಅರ್ಧ ಅಂಗುಲದ ಜಾಗದಲ್ಲಿ ‘ಮುಳುಗಡೆ’ ಎಂದು ಬರೆದುಕೊಟ್ಟೆ.

ಮರುವಾರ ಪ್ರಶ್ನಾವಳಿಯು ಕೆಂಪು ಶಾಯಿಯ ಷರಾ ಹೊತ್ತು ಹಿಂದಿರುಗಿತು: ‘ಹೆಕ್ಟೇರಿನಲ್ಲಿ ನಮೂದಿಸಿ.’

ಅಜ್ಜನಿಗೆ ಫೋನು ಮಾಡಿದೆ. ಕಣ್ಣು ಮಂಜಾಗಿದೆ, ಮಾತು ಮರೆಯುತ್ತದೆ, ಇದನ್ನು ಮರೆತಿರಲಿಲ್ಲ. “ಮೂರೆಕರೆ ಹದಿನಾಲ್ಕು ಗುಂಟೆ ಕಣೋ ತಮ್ಮಾ. ಯಾಕೆ, ವಾಪಸು ಕೊಡ್ತಾರಂತಾ?”

1.36 ಎಂದು ಬರೆದೆ.