ಮೇಷ್ಟ್ರ ನೀಲಿ ಕಂಪ್ಯೂಟರಿಗೊಂದು ಡಿಸ್ಕು

"ರಾಯರೇ, ಸೆಕೆಂಡಿಗೆ ಎರಡು ಸಾವಿರ ಎಂಬಿ ಅಂತೆ. ಜೋರಲ್ವೇ?"

ಪಕ್ಕದ ಮನೆ ಮೇಷ್ಟ್ರು ಕಾಂಪೌಂಡ್ ಗೋಡೆಯ ಮೇಲಿಂದ ಮೊಬೈಲು ಚಾಚಿದರು. ಎಸ್‌ಎಸ್‌ಡಿ ಜಾಹೀರಾತು. ಅಂಗೈಯಗಲದ ಡಬ್ಬಿ, ಹಿಮ ಬಿದ್ದ ಬಂಡೆಯ ಮೇಲೆ ಕೂತಿದೆ. ಇಂಥದ್ದನ್ನು ಕೊಳ್ಳುವವರೆಲ್ಲ ಪರ್ವತ ಹತ್ತುವವರೇ ಎಂದು ಈ ಕಂಪನಿಗಳು ಯಾಕೆ ನಂಬಿವೆಯೋ. ನಮ್ಮ ಮೇಷ್ಟ್ರು ಹತ್ತುವುದು ಟೆರೇಸು, ಅದೂ ಸಂಡಿಗೆ ಕಾಯುವುದಕ್ಕೆ.

ಮಗ ರಜಕ್ಕೆ ಬಂದಾಗ ತನ್ನ 2021ರ ಐಮ್ಯಾಕ್ ಅಪ್ಪನಿಗೆ ಕೊಟ್ಟು ಹೋಗಿದ್ದಾನೆ. ನೀಲಿ ಬಣ್ಣದ್ದು. ಪರದೆಯ ಬೆನ್ನಲ್ಲೇ ಇಡೀ ಕಂಪ್ಯೂಟರು, ದಪ್ಪ ಬರೀ 11.5 ಮಿಲಿಮೀಟರ್. ಒಳಗಿನ ಜಾಗ 256 ಜಿಬಿ. ಇತಿಹಾಸದ ಮೇಷ್ಟ್ರಲ್ಲವೇ, ನಿವೃತ್ತರಾದ ಮೇಲೆ ಮನೆತನದ ಹಳೇ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಲು ಕೂತಿದ್ದಾರೆ. ಜಾಗ ಸಾಲದು ಅಂತ ಪರದೆಯದು ದಿನಾ ರಗಳೆ.

"ಒಳಗೇ ದೊಡ್ಡದೊಂದು ಹಾಕಿಸಿದ್ರೆ ಆಗಲ್ವೇ?"

"ಆಗಲ್ಲ ಮೇಷ್ಟ್ರೇ. ಚಿಪ್ಪುಗಳನ್ನ ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಕೊಳ್ಳೋವಾಗ ಎಷ್ಟಿತ್ತೋ ಕೊನೇವರೆಗೂ ಅಷ್ಟೇ."

ಮೇಷ್ಟ್ರ ಮುಖ ಸಪ್ಪಗಾಯಿತು. ಎಲ್ಲವನ್ನೂ ಒಂದರಲ್ಲೇ ಅಡಗಿಸಿದ ಯಂತ್ರಕ್ಕೆ ಮತ್ತೆ ಹೊರಗೊಂದು ಬಾಲ ಕಟ್ಟುವುದು ಅವರಿಗೆ ಒಗ್ಗಲಿಲ್ಲ. ನಾನೂ ಬಿಡಲಿಲ್ಲ, ಅವರ ಇತಿಹಾಸವನ್ನೇ ಹಿಡಿದೆ. ಮೊದಲ ಐಮ್ಯಾಕ್ 1998ರಲ್ಲಿ ಬಂದಾಗ ಅದರ ಹಾರ್ಡ್ ಡಿಸ್ಕ್ 4 ಜಿಬಿ. ಫ್ಲಾಪಿ ಹಾಕುವ ಕಿಂಡಿಯನ್ನೇ ಕಿತ್ತುಹಾಕಿದ್ದರು, ಇನ್ನು ಮುಂದೆ ಯುಎಸ್‌ಬಿ ಸಾಕು ಅಂತ. ಜನ ಏನು ಮಾಡಿದರು? ಅದೇ ಯುಎಸ್‌ಬಿಗೆ ಹೊರಗಿನಿಂದ ಒಂದು ಫ್ಲಾಪಿ ಡ್ರೈವ್ ತಂದು ಚುಚ್ಚಿಕೊಂಡರು. ಬಾಲ ಹುಟ್ಟಿನಿಂದಲೇ ಇದೆ.

"ಅದಕ್ಕೂ ಹಿಂದೆ?" ಅಂದರು. ಮೇಷ್ಟ್ರಿಗೆ ಒಂದು ಇಸವಿ ಕೊಟ್ಟರೆ ಅದರ ಹಿಂದಿನದು ಬೇಕು.

1956ರಲ್ಲಿ ಐಬಿಎಂ ಮೊದಲ ಹಾರ್ಡ್ ಡಿಸ್ಕ್ ಮಾಡಿತು. 24 ಇಂಚು ಅಗಲದ ಐವತ್ತು ತಟ್ಟೆಗಳು, ತೂಕ ಒಂದು ಟನ್ನಿನಷ್ಟು. ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರ. ಮೇಷ್ಟ್ರು ಪೋಸ್ಟ್‌ಕಾರ್ಡಿನಷ್ಟಗಲದ ಒಂದು ಫೋಟೊವನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಟಿಫ್ ಆಗಿ ಇಡುತ್ತಾರೆ. ಅದೊಂದೇ 26 ಎಂಬಿ ಆಗುತ್ತದೆ. ಅಜ್ಜಿಯ ಒಂದು ಫೋಟೊಗೆ ಅಂಥ ಐದಕ್ಕಿಂತ ಹೆಚ್ಚು ಬೀರುಗಳು ಬೇಕಾಗುತ್ತಿದ್ದವು. ಮೇಷ್ಟ್ರು ಖುಷಿಯಾದರು. ಎಷ್ಟು ಫೋಟೊ ಇವೆ ಎಂದು ಕೇಳಿದ್ದಕ್ಕೆ ಟ್ರಂಕಿನಲ್ಲಿ ಎರಡು ಸಾವಿರ ಇರಬಹುದು ಎಂದರು. ಎಲ್ಲಾ ಸೇರಿ 52 ಜಿಬಿ.

"ಅಷ್ಟೇನಾ? ಹಾಗಾದ್ರೆ ಸಣ್ಣದೇ ಸಾಕು. ಆದ್ರೆ ಜೋರಿಂದು ಇರಲಿ," ಅಂತ ಮತ್ತೆ ಆ ಹಿಮದ ಬಂಡೆಯನ್ನೇ ತೋರಿಸಿದರು.

ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಮೇಷ್ಟ್ರ ಮೇಲಲ್ಲ. ಆ ಎರಡು ಸಾವಿರ ಎಂಬಿ ಬರಬೇಕಾದರೆ ಕಂಪ್ಯೂಟರಿನ ಕಡೆಯೂ ಯುಎಸ್‌ಬಿ 3.2 ಜೆನ್ 2x2 ಎಂಬ 20 ಗಿಗಾಬಿಟ್ ಏರ್ಪಾಟು ಇರಬೇಕು. ಮೇಷ್ಟ್ರ ಐಮ್ಯಾಕ್‌ಗೆ ಅದು ಬರುವುದಿಲ್ಲ. ಆ ಡಬ್ಬಿಯನ್ನು ಚುಚ್ಚಿದರೆ ಎರಡೂ ಮಾತಾಡಿಕೊಂಡು 10 ಗಿಗಾಬಿಟ್‌ಗೆ ಇಳಿಯುತ್ತವೆ. ಸಿಗುವುದು ಸೆಕೆಂಡಿಗೆ ಹೆಚ್ಚೆಂದರೆ ಸಾವಿರ ಎಂಬಿ. ಓವರ್‌ಹೆಡ್ ಟ್ಯಾಂಕ್ ಎಷ್ಟು ದೊಡ್ಡದಿದ್ದರೇನು, ನಲ್ಲಿ ಅರ್ಧ ಇಂಚಿನದು. ಇದೇ ಐಮ್ಯಾಕಿನ ಥಂಡರ್‌ಬೋಲ್ಟ್ ಪೋರ್ಟು 40 ಗಿಗಾಬಿಟ್‌ನದು ನಿಜ, ಆದರೆ ಅದರ ಪೂರ್ತಿ ವೇಗಕ್ಕೆ ಥಂಡರ್‌ಬೋಲ್ಟ್ ಅಥವಾ ಯುಎಸ್‌ಬಿ4 ಡಿಸ್ಕೇ ಬೇಕು. ಅದರ ಬೆಲೆ ಸಿನಿಮಾ ಎಡಿಟ್ ಮಾಡುವವರಿಗೆ ಸರಿ.

ಹೆಸರುಗಳ ಕಥೆ ಇನ್ನೂ ಚೆಂದ. 2008ರಲ್ಲಿ ಯುಎಸ್‌ಬಿ 3.0 ಅಂತ ನಾಮಕರಣವಾದ 5 ಗಿಗಾಬಿಟ್ ವೇಗವೇ ಆಮೇಲೆ 3.1 ಜೆನ್ 1 ಆಯಿತು, ಅದಾದ ಮೇಲೆ 3.2 ಜೆನ್ 1 ಆಯಿತು. ವೇಗ ಒಂದಿಷ್ಟೂ ಹೆಚ್ಚಲಿಲ್ಲ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ '3.2' ಕಂಡು ಹೊಸದೆಂದು ಹಿಗ್ಗಬೇಡಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಎಷ್ಟು ಗಿಗಾಬಿಟ್ ಅಂತ ಬರೆದಿದ್ದಾರೋ ಅದನ್ನು ಓದಿ ಅಂದೆ.

"ಮತ್ತೆ ಇದು? ಹದಿನಾರು ಟಿಬಿ, ದರ ಬಹಳ ಕಡಿಮೆ."

ಅದನ್ನು ನೋಡಲೂ ಇಲ್ಲ ನಾನು. ಒಳಗೆ ಒಂದು ಸಣ್ಣ ಮೆಮೊರಿ ಕಾರ್ಡು, ಅದಕ್ಕೆ ಹದಿನಾರು ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರೂ ನಂಬುತ್ತದೆ. ಕಾರ್ಡು ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ, ಇಲ್ಲವೇ ಹಳೆಯದರ ಮೇಲೆಯೇ. ಫೋಟೊ ತೆರೆಯಲು ಹೋದ ದಿನವೇ ಗೊತ್ತಾಗುವುದು.

ಹೊತ್ತಿಗೆ ಸರಿಯಾಗಿ ಅತ್ತಿಗೆ ಕಾಫಿ ಹಿಡಿದು ಬಂದರು. ಗೋಡೆಯ ಮೇಲೆ ಲೋಟ ಇಟ್ಟು, "ಫೋಟೊ ಆಯ್ತು, ನನ್ನ ಕ್ಯಾಸೆಟ್?" ಅಂದರು. ಮಗಳ ಮದುವೆಯ ಮಿನಿ ಡಿವಿ ಕ್ಯಾಸೆಟ್, ಆರು ಇವೆಯಂತೆ. ಸ್ಟುಡಿಯೊದವರು ಕಂಪ್ಯೂಟರಿಗೆ ಇಳಿಸಿಕೊಡುತ್ತಾರಂತೆ. ಒಂದು ಗಂಟೆಯ ಡಿವಿಗೆ 13 ಜಿಬಿ ಬೇಕು. ಆರಕ್ಕೆ ಹತ್ತಿರ ಹತ್ತಿರ 80. ಅತ್ತಿಗೆ ಫೋನಿನಲ್ಲಿ 4ಕೆ ಇಟ್ಟುಕೊಂಡು ಮೊಮ್ಮಗನ ವಿಡಿಯೊ ಬೇರೆ ತೆಗೆಯುತ್ತಾರೆ, ಅದು ಗಂಟೆಗೆ ಹತ್ತು ಜಿಬಿ. ಮೇಷ್ಟ್ರ 52 ಜಿಬಿ ಈ ಮನೆಯಲ್ಲಿ ಅಲ್ಪಸಂಖ್ಯಾತವಾಯಿತು.

ನನ್ನ ಮಟ್ಟಿಗೆ ಪ್ರಶ್ನೆ ಇತ್ಯರ್ಥವಾದದ್ದು ಆಗಲೇ. ದುಡ್ಡನ್ನೆಲ್ಲ ಒಂದೇ ಡಿಸ್ಕಿನ ವೇಗಕ್ಕೆ ಸುರಿಯಬಾರದು, ಎರಡಕ್ಕೆ ಹಂಚಬೇಕು. ದಿನದ ಕೆಲಸಕ್ಕೆ ಸಾಧಾರಣ 10 ಗಿಗಾಬಿಟ್‌ನ ಒಂದು ಟಿಬಿ ಎಸ್‌ಎಸ್‌ಡಿ. ಕಾಪಾಡಿಕೊಳ್ಳಲು ತಿರುಗುವ ತಟ್ಟೆಯ ಹಳೇ ನಮೂನೆಯ ಹಾರ್ಡ್ ಡಿಸ್ಕ್, ಮೂರೋ ನಾಲ್ಕೋ ಟಿಬಿಯದು. ಅದು ಸೆಕೆಂಡಿಗೆ 120 ಎಂಬಿ ಆಸುಪಾಸು ಬರೆಯುತ್ತದೆ, ನಿಧಾನ ನಿಜ. ಮೇಷ್ಟ್ರ ಫೋಟೊ ಅಷ್ಟೂ ಹೋಗಲು ಏಳೆಂಟು ನಿಮಿಷ. ಯಾರು ಅವಸರ ಮಾಡುತ್ತಿದ್ದಾರೆ?

"ಎರಡು ಯಾಕ್ರೀ? ಒಂದರಲ್ಲಿ ಇದ್ರೆ ಇದ್ದಂಗೇ ಅಲ್ವಾ?"

"ಈಗ ಜಾಗ ಇಲ್ಲ ಅಂತ ಐಮ್ಯಾಕ್‌ನಿಂದ ಅಳಿಸಿ ಡಿಸ್ಕಿಗೆ ಹಾಕ್ತೀರಿ. ಆಮೇಲೆ ಎಷ್ಟು ಪ್ರತಿ ಉಳಿಯಿತು?"

ಮೇಷ್ಟ್ರು ಲೋಟ ಕೆಳಗಿಟ್ಟರು. ಬ್ಯಾಕಪ್ ಅಂತ ಜನ ಕರೆಯುವುದರಲ್ಲಿ ಹೆಚ್ಚಿನದು ಇಂಥ ವರ್ಗಾವಣೆಯೇ. ಎಸ್‌ಎಸ್‌ಡಿ ಸತ್ತರೆ ಮುನ್ಸೂಚನೆಯಿಲ್ಲದೆ ಒಮ್ಮೆಲೇ ಸಾಯಬಹುದು. ಹಾರ್ಡ್ ಡಿಸ್ಕು ಓಡುತ್ತಿರುವಾಗ ಮೇಜಿನಿಂದ ಬಿದ್ದರೆ ಮುಗಿಯಿತು. ಫೋಟೊಗ್ರಾಫರುಗಳ ಲೋಕದಲ್ಲಿ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ.

"ಹೊರಗಿಂದು ಶಿವಮೊಗ್ಗದಲ್ಲಿ ತಂಗಿ ಮನೇಲಿಟ್ರಾಯ್ತು. ಹಬ್ಬಕ್ಕೆ ಹೋಗ್ತಾನೇ ಇರ್ತೀವಿ," ಎಂದರು ಅತ್ತಿಗೆ. ಮೇಷ್ಟ್ರು ಮೂರನೆಯ ಡಿಸ್ಕಿನ ಖರ್ಚು ಲೆಕ್ಕ ಹಾಕುತ್ತಾ ಸುಮ್ಮನಾದರು.

ಐಮ್ಯಾಕ್‌ನಲ್ಲಿ ಟೈಮ್ ಮೆಷಿನ್ ಎಂಬ ಏರ್ಪಾಟು 2007ರಿಂದ ಇದೆ, ಹಾರ್ಡ್ ಡಿಸ್ಕು ಚುಚ್ಚಿದರೆ ತಾನೇ ಬ್ಯಾಕಪ್ ತೆಗೆಯುತ್ತದೆ. ಒಂದು ಕೊಕ್ಕೆ ಇದೆ: ಹೊರಗಿನ ಎಸ್‌ಎಸ್‌ಡಿಯನ್ನು ಅದು ಸೇರಿಸಿಕೊಂಡಿದೆಯೋ ಇಲ್ಲವೋ ಸೆಟ್ಟಿಂಗ್ಸ್‌ನಲ್ಲಿ ನೋಡಬೇಕು. ಬಿಟ್ಟುಬಿಡುವ ಪಟ್ಟಿಯಲ್ಲಿ ಅದರ ಹೆಸರಿದ್ದರೆ ತೆಗೆಯಬೇಕು. ಎಸ್‌ಎಸ್‌ಡಿಯನ್ನು ಮೊದಲೇ ಎಪಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳುವುದು ಒಳ್ಳೆಯದು. ಪೆಟ್ಟಿಗೆಯಿಂದ ಬರುವಾಗ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಇರುತ್ತದೆ. ಬರೆಯುತ್ತಿರುವಾಗ ಮಳೆಗೆ ಕರೆಂಟು ಹೋದರೆ ಅದು ಬೇಗ ಕೆಡುತ್ತದೆ. ಯುಪಿಎಸ್ ಇದೆ ಅಂದರು ಮೇಷ್ಟ್ರು, ಬ್ಯಾಟರಿ ಯಾವ ಕಾಲದ್ದೋ ನಾನು ಕೇಳಲಿಲ್ಲ.

"ಕೇಬಲ್ ಬೇರೆ ತಗೋಬೇಕಾ? ಫೋನ್ ಚಾರ್ಜರಿಂದು ಅದೇ ಥರ ಇದೆಯಲ್ಲ."

"ಡಬ್ಬಿ ಜೊತೆ ಬಂದಿರತ್ತೆ, ಅದನ್ನೇ ಹಾಕಿ. ಚಾರ್ಜರ್ ಕೇಬಲ್‌ಗಳು ಎಷ್ಟೋ ಸಲ ಹಳೇ ಯುಎಸ್‌ಬಿ 2ರವು. ಒಂದು ನಿಮಿಷದಲ್ಲಿ ಹೋಗಬೇಕಾದ ಫೋಟೊ ಇಪ್ಪತ್ತು ನಿಮಿಷ ತಗೊಳ್ಳತ್ತೆ, ನೀವು ಡಿಸ್ಕೇ ಸರಿಯಿಲ್ಲ ಅಂತ ವಾಪಸ್ ಕಳಿಸ್ತೀರಿ."

"ಎರಡೂ ಒಂದೇ ಥರ ಕಾಣ್ತಾವೆ. ಯಾವುದು ಯಾವುದು ಅಂತ ಹೇಗೆ ಗೊತ್ತಾಗೋದು?" ಅತ್ತಿಗೆ ಕೇಳಿದರು.

"ನೋಡಿದ್ರೆ ಗೊತ್ತಾಗಲ್ಲ ಅತ್ತಿಗೆ. ಚೀಟಿ ಅಂಟಿಸಿ."

"ಉಪ್ಪಿನಕಾಯಿ ಜಾಡಿಗೆ ಅಂಟಿಸೋದು ಒಂದು ಹಾಳೆ ಇದೆ, ಅದಾಗತ್ತಾ?"

"ಆಗತ್ತೆ."